ಅತ್ತೆಯ ಬೋಗುಣಿಯ ಕಲ್ಲುಗಳು

ಜನವರಿ 14

ಎಂದಿನಂತೆ ಕಾಫಿ, ಸುಟ್ಟ ಮರಗೆಣಸು, ಹೆಂಡತಿಯ ಬೈಗುಳ — ಮೂರೂ ಬಿಸಿಬಿಸಿ. ಬೈಕಿನ ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದೆ. ಎರ್ನಿ ಬಂದಳು, ಭಾಮೈದ ಕಾನಿಸ್‌ನ ಮಗಳು, ಆರೋಗ್ಯ ಕೇಂದ್ರದ ನರ್ಸು. ಡೆಂಗ್ಯೂ ಅಂತೆ. ಎಲ್ಲೂ ನೀರು ನಿಲ್ಲಬಾರದಂತೆ. ಹಳೆ ಟೈರು, ತೆಂಗಿನ ಚಿಪ್ಪು, ಎಲ್ಲ ಬೋರಲು ಹಾಕಿಸಿದಳು. ಕೊನೆಗೆ ಅತ್ತೆಯ ಕಿಟಕಿಯ ಮೇಲಿದ್ದ ಬೋಗುಣಿ.

"ಅಜ್ಜೀ, ಇದರಲ್ಲಿ ಹುಳ ಓಡಾಡ್ತಿವೆ."

"ಓಡಾಡ್ಲಿ. ನನಗೂ ಜೊತೆ ಬೇಡ್ವಾ?"

ಚೆಲ್ಲಿಯೇ ಬಿಟ್ಟಳು.

ಬೋಗುಣಿಯಲ್ಲಿದ್ದದ್ದು ಕಲ್ಲು. ಮಾವ ಕಡಲಿಗೆ ಹೋಗಿ ಜೀವಸಹಿತ ಬಂದಾಗಲೆಲ್ಲ, ದೋಣಿ ಇಳಿದ ಜಾಗದಲ್ಲೇ ಒಂದು ಕಲ್ಲು ಹೆಕ್ಕಿ ತಂದು ಅತ್ತೆಯ ಕೈಗೆ ಕೊಡುತ್ತಿದ್ದರಂತೆ. ನೀಲಿ, ಹಸಿರು, ನವಿಲುಬಣ್ಣ. ನಮ್ಮ ದಂಡೆಯ ಕಲ್ಲಿನ ಬುದ್ಧಿಯೇ ಹಾಗೆ — ಒದ್ದೆಯಿದ್ದರೆ ರಾಣಿ, ಒಣಗಿದರೆ ಬೂದಿ. ಅದಕ್ಕೇ ನೀರು. ಮಧ್ಯಾಹ್ನದೊಳಗೆ ಎಲ್ಲ ಬೂದಿ.

ದಿನಾ ನಾನೇ ನೀರು ಬದಲಿಸ್ತೀನಿ ಅಂದಳು ಹೆಂಡತಿ. "ಅವಕ್ಕೆ ನೀರು ಹಾಕೋಳು ನಾನು. ನನ್ನ ಕಾಲು ಹೋಯ್ತು, ಅವೂ ಹೋಗ್ಲಿ" ಅಂದರು ಅತ್ತೆ. ಗೋಡೆಗೆ ಮುಖ ಮಾಡಿ ಮಲಗಿದರು.

ಜನವರಿ 17

ಅತ್ತೆ ಇನ್ನೂ ಗೋಡೆ ನೋಡ್ತಿದ್ದಾರೆ. ಗಂಜಿ ಎರಡು ಗುಟುಕು, ಅಷ್ಟೇ. ಹೆಂಡತಿ ಒಲೆ ಮುಂದೆ ಕೂತು ಕಣ್ಣೊರೆಸಿಕೊಂಡಳು. ಹೊಗೆಯಂತೆ. ಒಲೆ ಹಚ್ಚಿರಲಿಲ್ಲ.

ಈ ಮನೆಗೆ ತಲೆ ಇರುವವನು ನಾನೊಬ್ಬನೇ. ಒಂದು ಕಲ್ಲು ಎಗರಿಸಿದೆ, ಕೊಬ್ಬರಿ ಎಣ್ಣೆ ಸವರಿದೆ, ಫಳಫಳ! ತಂದು ಅತ್ತೆಯ ಅಂಗೈಗಿಟ್ಟೆ. ಹೆಬ್ಬೆರಳಲ್ಲಿ ಒಂದೇ ಸಲ ಒರೆಸಿದರು. ಮೂಸಿದರು.

"ನನ್ನ ಗಂಡ ಕೊಟ್ಟದ್ದನ್ನ ಹುರಿದು ತಂದ್ಯೇನೋ, ಬೆಟ್ಟದವನೇ?"

ಮದುವೆಯಾಗಿ ಮೂವತ್ತು ವರ್ಷ. ಬೆಟ್ಟದಿಂದ ಬಂದೆ, ಈಜು ಬರಲ್ಲ ಅಂತ ಇವತ್ತಿಗೂ ನಾನು 'ಬೆಟ್ಟದವನು'. ಫ್ರಿದುಸ್ ಅಂತ ಒಂದು ಹೆಸರಿದೆ ನನಗೆ. ಪಾದ್ರಿ ಇಟ್ಟದ್ದು.

ಬಾಗಿಲಲ್ಲಿ ಕಾನಿಸ್ ನಕ್ಕ. ರೋಷ ಬಂತು. ಹೇಳಿಯೇ ಬಿಟ್ಟೆ — "ನೀರೂ ಬೇಡ, ಎಣ್ಣೆಯೂ ಬೇಡ. ಒಣಗಿದ್ರೂ ಒದ್ದೆ ಹಾಗೆ ಹೊಳೀಬೇಕು, ಹಾಗೆ ಮಾಡಿ ಕೊಡ್ತೀನಿ ಅತ್ತೆ!"

"ಭಾವ, ನೀನು ಕಟ್ಟಿದ ಅರ್ಧ ದೋಣೀಲಿ ಕೋಳಿ ಮೊಟ್ಟೆ ಇಡ್ತಿದೆ. ಅರ್ಧ ಗೋಡೆ ಮೇಲೆ ಬಟ್ಟೆ ಒಣಗ್ತಿದೆ. ಇದು ಅರ್ಧಕ್ಕೆ ನಿಂತ್ರೆ ಅದರಲ್ಲೇನು ಮಾಡೋಣ?"

ನಗಲಿ.

ಜನವರಿ 20

ಎಂಡೆ ಪೇಟೆಗೆ ಹೋಗಿದ್ದೆ. ಉಂಗುರದ ಕಲ್ಲು ಉಜ್ಜುವವನ ಹತ್ತಿರ ವಿದ್ಯೆ ಕಲಿತೆ. (ಅರ್ಧ ನನಗೆ ಮೊದಲೇ ಗೊತ್ತಿತ್ತು.) ಕಲ್ಲು, ನೀರು, ಸಾಣೆಪುಡಿ ಡಬ್ಬಿಗೆ ಹಾಕಿ ಹಗಲೂ ರಾತ್ರಿ ಉರುಳಿಸಬೇಕು. ಮೊದಲು ತರಿ ಪುಡಿ, ಆಮೇಲೆ ನುಣ್ಣಗಿನದು, ಇನ್ನೂ ನುಣ್ಣಗಿನದು, ಕಡೆಗೆ ಹೊಳಪಿನ ಬಿಳಿ ಪುಡಿ. "ಪುಡಿ ಬದಲಿಸುವಾಗ ಚೆನ್ನಾಗಿ ತೊಳೀರಿ. ಒಂದು ಕಾಳು ಉಳಿದ್ರೂ ಕೆಟ್ಟಿತು" ಅಂದ. ಗೊತ್ತಯ್ಯಾ ಅಂದೆ.

ಪೇಂಟ್ ಡಬ್ಬಿ. ಒಳಗೆ ಲಾರಿ ಟ್ಯೂಬಿನ ರಬ್ಬರು. ಕೆಟ್ಟ ವಾಷಿಂಗ್ ಮಷೀನಿನ ಮೋಟಾರು. (ಪೂರ್ತಿ ಕೆಟ್ಟಿರಲಿಲ್ಲ ಅಂತ ಹೆಂಡತಿಯ ವಾದ.) ತಿರುಗಿತು! ಇಡೀ ಫ್ಲೋರೆಸ್ ದ್ವೀಪದಲ್ಲಿ ಇಂಥ ಯಂತ್ರ ಇನ್ನೊಂದಿಲ್ಲ.

ಜನವರಿ 21

ಕಲ್ಲು ಕೇಳಲು ಹೋದೆ. ಅತ್ತೆ ಬಹಳ ಹೊತ್ತು ಬೋಗುಣಿಯಲ್ಲಿ ಕೈಯಾಡಿಸಿದರು. ಒಂದೇ ಒಂದು ಕೊಟ್ಟರು. ನೀಲಿ, ನಡುವೆ ಬಿಳಿ ಗೆರೆ.

"ಇದು ದೊಡ್ಡ ಬಿರುಗಾಳಿಯ ದಿನದ್ದು. ಮೂರು ದಿನ ಆದ್ಮೇಲೆ ಬಂದ್ರು. ಒಂದು ಗೀರು ಬಿತ್ತೋ, ನನ್ನ ಹೆಣಕ್ಕೂ ನಿನ್ನ ಕೈ ತಾಗೋಕೆ ಬಿಡಲ್ಲ."

ಎರಡೂ ಕೈಯಲ್ಲಿ ಈಸಿಕೊಂಡೆ. ದಂಡೆಯಿಂದ ಬೇರೆ ಕಲ್ಲು ಹೆಕ್ಕಿ, ಅವುಗಳ ನಡುವೆ ಅದನ್ನೂ ಹಾಕಿದೆ. ಗುರ್... ಗುರ್... ಗುರ್...

ಫೆಬ್ರವರಿ 1

ತರಿ ಪುಡಿ ಮುಗಿಯಿತು. ಮೂಲೆಗಳೆಲ್ಲ ಹೋಗಿ ಮೊಲದ ಮರಿ ಮುಟ್ಟಿದ ಹಾಗೆ. ಬಿಳಿ ಗೆರೆ ಇನ್ನೂ ಚೆಂದ ಕಾಣುತ್ತದೆ.

ಸದ್ದಿಗೆ ನಿದ್ದೆ ಇಲ್ಲ ಅಂತ ಬೀದಿಯೆಲ್ಲ ದೂರು. ಕಾನಿಸ್ ಅಂತೂ "ಭಾವ ಕಬ್ಬಿಣದ ಹಂದಿ ಸಾಕಿದ್ದಾನೆ, ಮರಿ ಯಾವಾಗ?" ಅಂತ ಕೇಳುತ್ತಾನೆ. ಅತ್ತೆ ಒಳಗಿಂದಲೇ, "ಬೆಟ್ಟದವನೇ, ಆ ಮಷೀನು ಸುಡೋ!" ಕೂಗು ಗಟ್ಟಿಯಾಗಿತ್ತು. ಗಂಜಿ ಪೂರ್ತಿ ಕುಡಿದಿದ್ದರು.

ಫೆಬ್ರವರಿ 18, ಬೂದಿ ಬುಧವಾರ

ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ಇವತ್ತಿಂದ ಈಸ್ಟರ್‌ವರೆಗೆ ಹೆಂಡ ಬಿಟ್ಟೆ. ತಡೆಯಲಾರದೆ ಡಬ್ಬಿ ತೆರೆದೆ.

ಗೀರು. ಎಲ್ಲ ಕಲ್ಲಿನ ಮೇಲೂ. ಅತ್ತೆಯ ಕಲ್ಲಿನ ಮೇಲೂ, ಬೆಕ್ಕು ಪರಚಿದ ಹಾಗೆ.

ತಪ್ಪು ನನ್ನದೇ... ಹೊಳಪಿನ ಪುಡಿ ಹಾಕುವ ಮುಂಚೆ ಬಾವಿ ನೀರಲ್ಲಿ ತೊಳೆಯುವುದು ಬಿಟ್ಟು ಡಬ್ಬಿಯನ್ನು ಕಡಲಿಗೆ ಒಯ್ದಿದ್ದೆ. ಕಾನಿಸ್‌ನ ದೋಣಿಯವರೆಲ್ಲ ನೋಡಲಿ ಅಂತ. ಜಂಬ. ಮುಚ್ಚಳದ ಸಂದಿಗೆ ಮರಳು ಹೊಕ್ಕಿದೆ. ಮೀನುಗಾರನಾಗಿದ್ದರೆ ಮರಳು ಎಲ್ಲಿ ಹೊಗುತ್ತದೆ ಅಂತ ಗೊತ್ತಿರುತ್ತಿತ್ತು.

ಸಂಜೆ

ದಂಡೆಗೆ ಹೋದೆ. ನೀಲಿಗೆ ಬಿಳಿ ಗೆರೆ ಇರುವುದು ಇನ್ನೊಂದು ಸಿಕ್ಕಿತು. ಥೇಟ್ ಅದೇ! ಜೇಬಿಗೆ ಹಾಕಿಕೊಂಡು ಬಂದೆ. ಹೆಂಡತಿ ಜೇಬು ನೋಡಿದಳು.

"ಅಮ್ಮನ ಬೆರಳಿಗೆ ಕಣ್ಣಿದೆ ರೀ. ಎಣ್ಣೆ ಕಂಡುಹಿಡಿದೋಳು ಇದನ್ನ ಬಿಡ್ತಾಳಾ?"

ಸಿಕ್ಕಿಬೀಳ್ತೀನಿ ಅಂತಲ್ಲ. ಬಿರುಗಾಳಿಯಿಂದ ಬಂದದ್ದು ಇದಲ್ಲ. ವಾಪಸ್ ಎಸೆದು ಬಂದೆ. ಡಬ್ಬಿ, ಮುಚ್ಚಳ, ರಬ್ಬರು ಎಲ್ಲ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. (ಹೆಂಡತಿಯ ಬ್ರಷ್ಷು. ಹೇಳಿಲ್ಲ.) ಎರಡು ಮೆಟ್ಟಿಲು ಕೆಳಗಿಳಿದು, ಮತ್ತೆ ನುಣ್ಣಗಿನ ಪುಡಿಯಿಂದ ಶುರು.

ಮಾರ್ಚ್ 3

ನಿನ್ನೆಯಿಂದ ಕರೆಂಟಿಲ್ಲ. ಹೊಳಪಿನ ಪುಡಿ ಹಾಕಿ ಆಗಿದೆ, ಬಿಟ್ಟರೆ ಗಟ್ಟಿ ಕಟ್ಟುತ್ತದೆ. ಕೈಯಲ್ಲೇ ತಿರುಗಿಸುತ್ತಿದ್ದೆ. ಕಾನಿಸ್ ಬಂದ.

"ಏಳು ಭಾವ. ಹೀಗೆ ತಿರುಗಿಸಿದ್ರೆ ಭುಜ ಹೋಗುತ್ತೆ. ಹುಟ್ಟು ಹಾಕಿದ ಹಾಗೆ ತಿರುಗಿಸ್ಬೇಕು."

ಕರೆಂಟು ಬರುವವರೆಗೂ ಏಳಲಿಲ್ಲ ಅವನು. ಬಿರುಗಾಳಿಯ ದಿನ ಅವನಿಗೆ ಐದು ವರ್ಷ.

ಮಾರ್ಚ್ 9

ಇವತ್ತು ಊರಿಗೆ ಊರೇ ನನ್ನ ಕಾಲಿಗೆ ಬೀಳಬೇಕು!

ತೊಳೆದೆ. ಬಟ್ಟೆಯಲ್ಲಿ ಒರೆಸಿದೆ. ಬಿಸಿಲಲ್ಲಿಟ್ಟೆ. ಕಾದೆ. ಬೂದಿಯಾಗಲಿಲ್ಲ! ಆಗತಾನೇ ಅಲೆ ಬಿಟ್ಟು ಹೋದ ಹಾಗೆ ನೀಲಿ. ಕಿಟಕಿ ಸರಳು ಅದರಲ್ಲಿ ಕಾಣುತ್ತಿತ್ತು.

ಅತ್ತೆಯ ಕೈಗಿಟ್ಟೆ. ಹೆಬ್ಬೆರಳಲ್ಲಿ ಒರೆಸಿದರು. ಗೀರಿಲ್ಲ, ಜಿಡ್ಡಿಲ್ಲ. ಉಟ್ಟ ಸರೋಂಗಿನ ತುದಿಯಲ್ಲಿ ತಿಕ್ಕಿದರು. ಮೂಸಿದರು. ನಾಲಿಗೆಗೆ ತಾಗಿಸಿದರು. ಕಾನಿಸ್, ಎರ್ನಿ ಇಬ್ಬರೂ ಬಗ್ಗಿ ನೋಡುತ್ತಿದ್ದರು.

"ಉಪ್ಪಿಲ್ಲ" ಅಂದರು ಅತ್ತೆ. ಆಮೇಲೆ ಬಹಳ ಮೆಲ್ಲಗೆ, "ಅವತ್ತೂ ಹೀಗೇ ಇತ್ತು. ಅವರ ಕೈಯಿಂದ ನೀರು ತೊಟ್ಟಿಕ್ತಿತ್ತು."

ಬೋಗುಣಿ ಎತ್ತಿ ಎಲ್ಲ ಕಲ್ಲೂ ನನ್ನ ಮಡಿಲಿಗೆ ಸುರಿದರು. ಗೋಡೆ ಕಡೆಗೆ ತಿರುಗಲಿಲ್ಲ. ಮೀನು ಸಾರು ಕೇಳಿದರು, ಹುಳಿ ಜಾಸ್ತಿ ಇರಲಿ ಅಂತ.

"ಪೂರ್ತಿ ಮಾಡಿದ್ಯಲ್ಲೋ ಭಾವ!" ಅಂದ ಕಾನಿಸ್.

ಮಾಡದೆ? ನಾನು ಯಾರು!

ಮಾರ್ಚ್ 10, ಬೆಳಿಗ್ಗೆ

ಮೋಟಾರಿಗೆ ವಿಶ್ರಾಂತಿ ಕೊಟ್ಟಿದ್ದೇನೆ. ಬೀದಿ ತಣ್ಣಗಿದೆ. ಕಾಫಿ ಕುಡಿದು, ಊರಿನವರಿಗೆ ಇದನ್ನೆಲ್ಲ ಯಾವ ಮಾತಲ್ಲಿ ಹೇಳಬೇಕು ಅಂತ ಯೋಚಿಸುತ್ತ ಬರೆಯಲು ಕೂತೆ. ಮರಳಿನ ವಿಷಯ ಹೇಳುವುದಿಲ್ಲ. ಮೊದಲನೆಯದಾಗಿ ನನ್ನ

ಅತ್ತೆ ಕಿಟಕಿಯಿಂದ ಕೂಗ್ತಿದ್ದಾರೆ — "ಫ್ರಿದುಸ್! ಏ ಫ್ರಿದುಸ್! ಮಷೀನು ಯಾಕೋ ನಿಂತಿದೆ?"

ಫ್ರಿದುಸ್ ಅಂದರು. ಅತ್ತೆ, ನನ್ನನ್ನು, ಫ್ರಿ—