ಆಚೆ ದಡದಲ್ಲಿ ಉಳಿದ ಬ್ಯಾಟರಿ

ಹೊಳೆಯ ದಡ, ಬಂಗಾಸು ರಸ್ತೆ
ಅಕ್ಟೋಬರ್ ೧೨, ಭಾನುವಾರ

ಮುದ್ದಿನ ಮಗಳು ಒನೊರಿನ್‌ಗೆ ಅಮ್ಮನ ಆಶೀರ್ವಾದಗಳು.

ನೀನೂ ಅಳಿಯ ಪ್ರೋಸ್ಪೆರನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನೆ ಬಂಗಿಯಲ್ಲಿ ನಿನ್ನ ಮದುವೆಯಲ್ಲಿರಬೇಕಾದವಳು ಇವತ್ತು ದಡದಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಇದ್ದ ಕೋಪವನ್ನೆಲ್ಲ ನಾನೇ ಖರ್ಚು ಮಾಡಿದ್ದೇನೆ.

ನಮ್ಮ ಲಾಂಚಿಗೆ ಸ್ವಂತ ಬ್ಯಾಟರಿ ಇಲ್ಲವೆಂದು ನಿನಗೆ ಗೊತ್ತು. ದಾಟುವ ಲಾರಿಯೇ ತನ್ನದನ್ನು ಬಿಚ್ಚಿ ಕೊಡಬೇಕು, ಡೀಸೆಲ್ಲೂ ಹಾಕಬೇಕು. ಬುಧವಾರ ನಾನು ಹತ್ತಿ ಬಂದ ಲಾರಿಯ ಡ್ರೈವರ್ ಜುಮಾಲ್ದೆ ಹಾಗೇ ಕೊಟ್ಟ. ಲಾರಿಯ ಎಂಜಿನ್ ಆರಿಸದೆ ಹೊಳೆ ದಾಟಿಸಿ ದಡಕ್ಕೆ ಇಳಿಸಿದ. ಇಳಿಸಿದವನು ಎಂಜಿನ್ ಆರಿಸಿ ಲಾಂಚಿನ ಕೊಯಾಸಿಯ ಜೊತೆ ಮಾತಿಗೆ ನಿಂತ.

"ಮನೇಲೆಲ್ಲ ಹೇಗಿದ್ದಾರಪ್ಪ?"

"ಚೆನ್ನಾಗಿದ್ದಾರೆ. ನಿಮ್ಮತ್ತೆ ಮಂಡಿನೋವು?"

"ಹಂಗೇ ಇದೆ. ನಿನ್ನ ಆಡು ಮರಿ ಹಾಕ್ತಾ?"

ಹೀಗೆ ಊರಲ್ಲಿರುವ ಜೀವಗಳನ್ನೆಲ್ಲ ವಿಚಾರಿಸಿಕೊಂಡರು. ಬ್ಯಾಟರಿಯನ್ನು ಮಾತ್ರ ಇಬ್ಬರೂ ವಿಚಾರಿಸಲಿಲ್ಲ. "ಲೋ, ನನ್ನ ಬ್ಯಾಟರಿ!" ಎಂದು ಜುಮಾಲ್ದೆ ಬೊಬ್ಬೆ ಹಾಕುವಾಗ ಲಾಂಚ್ ನಡುಹೊಳೆಯಲ್ಲಿತ್ತು. ಬೀಳ್ಕೊಡುತ್ತಿದ್ದಾನೆಂದು ತಿಳಿದು ಕೊಯಾಸಿಯೂ ಕೈ ಬೀಸಿದ! ಆಚೆ ದಡ ಮುಟ್ಟಿದವನೇ ಎಂಜಿನ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಚಿಕ್ಕಪ್ಪನ ಸಾವಿಗೆಂದು ಊರಿಗೆ ಹೊರಟುಹೋದ. ದೋಣಿಯಲ್ಲಿ ಹೋಗಿ ಬಂದವನೊಬ್ಬ ಹೇಳಿದ: "ನೋಡ್ಕೊಂಡು ಬಂದೆ. ಭಾರೀ ಗಟ್ಟಿ ಬೀಗ."

ತಳ್ಳಿ ಚಾಲೂ ಮಾಡೋಣವೆಂದರೆ ದಡ ಏರು, ಲಾರಿ ತುಂಬ ಕಾಫಿ ಮೂಟೆ.

"ನಿನಗೆ ತಲೆ ಇದೆಯೋ, ಅದನ್ನೂ ಬಿಚ್ಚಿ ಕೊಟ್ಟೆಯೋ?" ಎಂದೆ ಜುಮಾಲ್ದೆಗೆ.

"ಇದೆ ಅಮ್ಮಾ, ಚಾರ್ಜ್ ಇಲ್ಲ" ಎಂದ, ನಾಚಿಕೆಗೆಟ್ಟವನು.

ಗುರುವಾರ ಒಂದು ಬೈಕು ಬಂತು. ಹತ್ತಿ ಹೋಗೋಣವೆಂದರೆ ಅದರ ಮೇಲೆ ಆಗಲೇ ಮೂವರೂ ಒಂದು ಆಡೂ ಕೂತಿದ್ದರು. ಈ ದಡದಲ್ಲಿ ಫೋನೂ ಹಿಡಿಯುವುದಿಲ್ಲ. ಎತ್ತಿ ಹಿಡಿದು ಹಿಡಿದು ನನ್ನ ತೋಳೇ ಸೋತಿತು. ಮುಂದಿನ ಊರಿಂದ ರೇಡಿಯೋದವರಿಗೆ ನನ್ನ ಮಾತು ಮುಟ್ಟಿಸಲು ಆ ಬೈಕಿನವನಿಗೇ ಹೇಳಿದೆ. ಪುಣ್ಯಾತ್ಮ, ಮುಟ್ಟಿಸಿದ. ಶುಕ್ರವಾರ ಸಂಜೆ ಓದಿದರು: "ಒನೊರಿನ್, ನಿನ್ನಮ್ಮ ಯಸಾಂಬಿ ದಾರಿಯಲ್ಲಿದ್ದಾಳೆ, ಮದುವೆಯನ್ನು ಎರಡು ದಿನ ಮುಂದೆ ಹಾಕು." ಲಾರಿಯ ನೆರಳಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬಾಕೆಯಂತೂ ಎದ್ದು ಕುಣಿದಳು.

ಇವತ್ತು ಕೊಯಾಸಿ ಬ್ಯಾಟರಿ ತಂದ. "ಏನ್ಮಾಡ್ಲಿ ಅಮ್ಮಾ, ಸತ್ತವರನ್ನ ಕಾಯಿಸೋಕಾಗತ್ತಾ?" ಎಂದ.

"ಮದುಮಗಳನ್ನ ಕಾಯಿಸಬಹುದೇನೋ?" ಎಂದು ಬೈದೆ.

ಲಾರಿ ಈಗ ಗುಡುಗುತ್ತಿದೆ. ನಾನು ಹತ್ತುವುದಿಲ್ಲ, ಲಾಂಚಿನಲ್ಲೇ ವಾಪಸು ಹೋಗುತ್ತೇನೆ. ಸೊಂಟನೋವೆಂದು ತಿಳಿದುಕೋ. ಹೊಗೆ ಹಾಕಿದ ಮೀನಿನ ಬುಟ್ಟಿಯನ್ನು ಜುಮಾಲ್ದೆ ಕೈಲಿ ಕಳಿಸಿದ್ದೇನೆ. ಅಳಿಯನಿಗೆ ತಲೆಯ ಭಾಗ ಇಷ್ಟವಲ್ಲವೇ, ಅದನ್ನು ಅವನಿಗೇ ಬಡಿಸು. ಮದುವೆಗೆಂದು ನೀನು ಕಳಿಸಿದ್ದ ಬಟ್ಟೆಯಲ್ಲಿ ಹೊಲಿಸಿದ ನನ್ನ ಉಡುಪೂ ಅದರಲ್ಲಿದೆ. ನಿನ್ನ ಸೋದರತ್ತೆ ಸೆರಾಫಿನ್‌ಗೆ ಕೊಡು. ಸೊಂಟದ ಹತ್ತಿರ ಸ್ವಲ್ಪ ಬಿಡಿಸಿದರೆ ಆಕೆಗೆ ಸರಿಹೋಗುತ್ತದೆ.

ನಿಮ್ಮ ಮನೆ ತುಂಬಲಿ, ಒಲೆ ಆರದಿರಲಿ. ಇಬ್ಬರೂ ನಗುನಗುತ್ತಾ ಬಾಳಿ.

ನಿನ್ನ ಅಮ್ಮ,
ಯಸಾಂಬಿ

ತಾ.ಕ.: ನಿನ್ನೆ ಬೆಳಗ್ಗೆ ರೇಡಿಯೋದಲ್ಲಿ ನಿನ್ನ ಉತ್ತರವನ್ನೂ ಓದಿದರು. "ಅಮ್ಮ ಆತುರಪಡುವುದು ಬೇಡ. ಮದುವೆ ಇವತ್ತೇ. ತಾಯಿಯ ಕುರ್ಚಿಯಲ್ಲಿ ಸೆರಾಫಿನ್ ಅತ್ತೆ ಕೂರುತ್ತಾರೆ." ಹಿಂದಿನ ಸಂಜೆ ಚಪ್ಪಾಳೆ ತಟ್ಟಿದವರೆಲ್ಲ ನೆಲ ನೋಡತೊಡಗಿದರು. ಜುಮಾಲ್ದೆ ಸರಕ್ಕನೆ ಎದ್ದು ಬಂದು ರೇಡಿಯೋ ಆರಿಸಿ, "ಥತ್, ಇದರ ಸೆಲ್ಲೂ ಹೋಯ್ತು. ಏನೂ ಸರಿಯಾಗಿ ಕೇಳಿಸ್ಲೇ ಇಲ್ಲ, ಅಲ್ವಾ ಅಮ್ಮಾ?" ಎಂದ. ನಿನ್ನ ಉತ್ತರ ಸ್ಪಷ್ಟವಾಗಿ ಕೇಳಿಸಲೆಂದು ಆ ಬೆಳಗ್ಗೆಯಷ್ಟೇ ಹೊಸ ಸೆಲ್ಲು ತಂದು ಹಾಕಿದವಳು ನಾನೇ. ಆಮೇಲೆ ಅವನನ್ನು ಬೈಯಲಿಲ್ಲ.