ಪಂತೆಲೆಮೋನನ ಬಲಗಣ್ಣು

ಅಕ್ಟೋಬರ್ 9, ಗುರುವಾರ

ಆ ಕಣ್ಣು ತಲೆಯಿಂದ ಹೋಗುತ್ತಲೇ ಇಲ್ಲ. ಮಠದ ಗೋಡೆಯ ಮೇಲಿರುವ ವೈದ್ಯ ಸಂತ ಪಂತೆಲೆಮೋನನ ಬಲಗಣ್ಣನ್ನು ಹಿಂದೆ ಯಾರೋ ಕೆರೆದು ತೆಗೆದಿದ್ದಾರೆ. ಭಾನುವಾರ ಬಿಷಪ್ ಬರುವುದರೊಳಗೆ ಅದನ್ನು ಬರೆದುಬಿಡು ಎಂದು ಮಠದ ಹಿರಿಯ ಸನ್ಯಾಸಿನಿ ಯೆವ್ಫಿಮಿಯಾ ಅಮ್ಮನವರ ಒತ್ತಾಯ. ಹಳೆಯ ಚಿತ್ರ ಉಳಿಸುವುದು ನನ್ನ ಕೆಲಸ, ಹೊಸದು ಬರೆಯುವುದಲ್ಲ ಅಂದೆ. ಮುಖ ಊದಿಸಿಕೊಂಡರು.

ಸರ್ಬಿಯಾದ ಹಳೆಯ ರಾಜರ ಕಾಲದ ಆ ಚಿತ್ರಕಾರನದು ಎಂಥ ಕೈ! ಹಸಿ ಗಾರೆ ಒಣಗುವ ಮೊದಲೇ, ಒಂದೇ ಗೆರೆಯಲ್ಲಿ ರೆಪ್ಪೆ ಎಳೆದು ಮುಗಿಸಿದ್ದಾನೆ. ಏಳುನೂರು ವರ್ಷವಾಗಿದೆ. ಏಣಿ ಹತ್ತಿದರೆ ಉಳಿದ ಎಡಗಣ್ಣು ಇವತ್ತಿಗೂ ನನ್ನನ್ನೇ ನೋಡುತ್ತದೆ. ಅದರ ಜೊತೆಯದನ್ನು ಹಾಳು ಮಾಡಿದವರ ಮೇಲೆ ಎರಡು ವಾರದಿಂದ ಉರಿಯುತ್ತಿದ್ದೆ.

ಇವತ್ತು ಮೇಣದಬತ್ತಿ ಹಚ್ಚಲು ಬಂದ ಸ್ತಾಮೆನ್ಕಾ ಅಜ್ಜಿಯ ಮುಂದೆ ಬೈದೇಬಿಟ್ಟೆ. "ಯಾವ ಪಾಪಿ ಕೆರೆದನೋ!"

"ನಮ್ಮಜ್ಜಿ ಕಣೇ," ಅಂದಳು. "ನಮ್ಮಪ್ಪ ಆಗ ಸಣ್ಣ ಮಗು, ಕಣ್ಣು ಕಾಣ್ತಿರಲಿಲ್ಲ. ಆ ಪುಡೀನ ನೀರಲ್ಲಿ ಕಲಸಿ ಹಚ್ಚಿದ್ಳು."

"ವಾಸಿ ಆಯ್ತಾ?"

"ಒಂದು ಕಣ್ಣು ಬಂತು."

"ಹಾಗಾದ್ರೆ ಎರಡನ್ನೂ ಕೆರೀಬೇಕಿತ್ತು," ಎಂದು ಕುಟುಕಿದೆ.

ಅಜ್ಜಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಎರಡೂ ತಗೊಂಡ್ಬಿಟ್ರೆ, ಮುಂದೆ ಬರೋ ರೋಗೀನ ಅವನು ಹೇಗೆ ನೋಡ್ಬೇಕು?"

ಬಣ್ಣದ ಬಟ್ಟಲು ತೊಳೆದು ಕವುಚಿಟ್ಟೆ. ಯೆವ್ಫಿಮಿಯಾ ಅಮ್ಮನವರಿಗೆ ನಾಳೆ ಹೇಳಬೇಕು. ಆ ಕಣ್ಣು ಅವನು ಒಂದು ಮಗುವಿಗೆ ಕೊಟ್ಟಿದ್ದು. ವಾಪಸ್ ತಂದಿಡಲು ನಾನ್ಯಾರು?