ಸೋಸಿದ ರಕ್ತ

೬ ಜೂನ್ ೨೦೧೬, ಸೋಮವಾರ

ಜಿಗಣಿ ಕಂಪನಿಯಲ್ಲಿ ಮೊದಲ ಶಿಫ್ಟ್. ಕಾಲು ಬಾತು ಶೂ ಹಿಡಿಸಲಿಲ್ಲ, ಚಪ್ಪಲಿಯಲ್ಲೇ ಹೋದೆ. ಸೂಪರ್‌ವೈಸರ್ ಬೈದ. ಚೆಕ್ಕಿಂಗ್ ಟೇಬಲ್ ಮೇಲಿನ ಬೋಲ್ಟು ಒಂದೊಂದೂ ಎರಡಾಗಿ ಕಂಡವು. ಕಂಪನಿ ನರ್ಸ್ ಬಿ.ಪಿ. ನೋಡಿ, ಇನ್ನೊಮ್ಮೆ ನೋಡಿ, ಗಾಡಿ ಕರೆಸಿದಳು. ೧೭೮/೧೧೬. ಈಗ ದೊಡ್ಡಾಸ್ಪತ್ರೆ, ಮೂರನೇ ಮಹಡಿ. ಬಸಿರಿಗೆ ಆರು ತಿಂಗಳು ಇನ್ನೂ ತುಂಬಿಲ್ಲ.

೭ ಜೂನ್

ಡಾಕ್ಟರ್ ದಿವ್ಯಾ ಮಂಚದ ಮೇಲೇ ಕೂತು ಹೇಳಿದರು. ಹೊಟ್ಟೆಯಲ್ಲಿ ಮಗುವನ್ನು ಪೊರೆಯುವ ಮಾಸಿನಿಂದಲೇ ನನ್ನ ರಕ್ತಕ್ಕೆ ಏನೋ ಕೆಟ್ಟದ್ದು ಸೇರುತ್ತಿದೆ. ಹೆರಿಗೆ ಮಾಡಿಸಿದರೆ ನಿಲ್ಲುತ್ತದೆ. ಆದರೆ ಮಗು ಐನೂರ ನಲವತ್ತು ಗ್ರಾಂ.

“ಈಗ ತೆಗೆದ್ರೆ ಉಳಿಯಲ್ಲ ಶೈಲಾ. ಇನ್ನೊಂದು ದಾರಿ ಇದೆ. ಡಯಾಲಿಸಿಸ್ ಥರ, ಮಿಷನ್‌ನಲ್ಲಿ ನಿಮ್ಮ ರಕ್ತ ಸೋಸೋದು. ಹೊಸ ಪ್ರಯತ್ನ, ಗ್ಯಾರಂಟಿ ಇಲ್ಲ. ಕೆಲವು ದಿನ ಸಿಗ್ಬೋದು, ಅಷ್ಟೆ.”

“ಎಷ್ಟ ದಿನ ಬೇಕ್ರಿ?”

“ಮೂರು ವಾರ ಸಿಕ್ರೆ ನಾನು ಧೈರ್ಯ ಮಾಡ್ತೀನಿ.”

ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ನನ್ನ ಗಂಡ ಪೆನ್ನು ಹಿಡಿದೇ ನಿಂತರು. ಕಿತ್ತುಕೊಂಡು ನಾನೇ ಸಹಿ ಹಾಕಿದೆ.

ಸಂಜೆ ಅತ್ತೆ ರುಕ್ಮವ್ವ ಬಾಗಲಕೋಟೆಯಿಂದ ಬಂದಿಳಿದರು. ಬಾಗಿಲಲ್ಲೇ ಶುರು— “ಕೂಸು ಮತ್ತ ಹುಟ್ಟತೈತಿ. ಹಟಾ ಮಾಡಿ ನನ್ನ ಮಗನ್ನ ಒಂಟಿ ಮಾಡಬ್ಯಾಡ.”

ಗೋಡೆ ಕಡೆ ತಿರುಗಿ ಮಲಗಿದೆ.

೯ ಜೂನ್

ಮೊದಲ ಸಲ ಸೋಸಿದರು. ಕುತ್ತಿಗೆಗೆ ಪೈಪು. ಮೂರು ತಾಸು. ಬೆಚ್ಚಗೆ ಹೋದ ರಕ್ತ ತಣ್ಣಗೆ ವಾಪಸ್ ಬರುತ್ತದೆ, ಹಲ್ಲು ಕಟಕಟ. ನಡುವೆ ಬಿ.ಪಿ. ಪೂರ್ತಿ ಬಿದ್ದು ಕಣ್ಣಿಗೆ ಕತ್ತಲೆ… ಮಿಷನ್ ನಿಲ್ಲಿಸಿ ಮತ್ತೆ ಹಚ್ಚಿದರು. ಇವರು ಪಾದ ತಿಕ್ಕುತ್ತಲೇ ಇದ್ದರು. ಮಗು ಒದ್ದಿತು. ಜೋರಾಗಿ.

೧೩ ಜೂನ್

ಎರಡನೇ ಸಲ. ಮೂತ್ರದಲ್ಲಿ ಪ್ರೋಟೀನ್ ಅರ್ಧಕ್ಕೆ ಇಳಿದಿದೆ. ಮಗು ಐನೂರ ತೊಂಬತ್ತು. ಅತ್ತೆ ಇವತ್ತು ಹೊಟ್ಟೆ ಮುಟ್ಟಿದರು.

“ಗಟ್ಟಿ ಐತಿ ಬಿಡು.”

೧೫ ಜೂನ್, ಬುಧವಾರ

೧೨೪/೮೦!

ನಿನ್ನೆಯಿಂದ ಒದೆತ ಇಲ್ಲ. ಸಿಸ್ಟರ್‌ಗೆ ಹೇಳಿದೆ. “ಫಿಟ್ಸ್ ಬರ್ದಿರ್ಲಿ ಅಂತ ಹಾಕಿರೋ ಡ್ರಿಪ್ಪಿಗೆ ಮಗೂನೂ ಮಂಕಾಗುತ್ತೆ ಅಕ್ಕ, ಕೇಳಿಸ್ತೀನಿ ಇರಿ.” ಹೊಟ್ಟೆ ಮೇಲೆ ಯಂತ್ರ ಒತ್ತಿದಳು. ಟಕ್ ಟಕ್ ಟಕ್. ಇವರು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಕಾರಿಡಾರ್‌ನಲ್ಲಿ ಕಂಡಕಂಡವರಿಗೆ ಕೇಳಿಸಿದರಂತೆ. ಅತ್ತೆ ವಾರ್ಡಿಗೆಲ್ಲ ಪೇಡೆ ಹಂಚಿದರು. ಎರಡು ತಿಂದೆ.

೧೬ ಜೂನ್

ಸ್ಕ್ಯಾನ್. ದಿವ್ಯಾ ಮೇಡಂ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಮಗು ಹೋಗಿ ಎರಡು ದಿನ ಆಗಿರ್ಬೇಕು, ಶೈಲಾ.”

“ನಿನ್ನೆ ಕೇಳೀವಲ್ರಿ ಮೇಡಂ, ಎದಿ ಬಡಿಯೂದು!”

“ಆಗ ನಿಮ್ಮ ಪಲ್ಸ್ ನೂರಾ ಮೂವತ್ತಿತ್ತು, ಮಗೂನಷ್ಟೇ ಜೋರು. ಕೇಳ್ಸಿದ್ದು ನಿಮ್ದೇ. ಸಿಸ್ಟರ್‌ಗೆ ಗೊತ್ತಾಗ್ಲಿಲ್ಲ. ತಪ್ಪು ನಮ್ದು.”

“ಮತ್ತ ಬಿ.ಪಿ. ಇಳೀತಲ್ರಿ?”

ಮೇಡಂ ಪರದೆ ಆರಿಸಿದರು. “ಅದು ಬರೀ ಮಿಷನ್‌ನಿಂದ ಅಲ್ಲ ಅನ್ಸುತ್ತೆ. ಮಗು ಹೋದ್ಮೇಲೆ ಮಾಸಿನ ಕೆಲಸಾನೂ ನಿಲ್ತಾ ಬಂದಿದೆ.”

ಅದು ಸತ್ತದ್ದಕ್ಕೇ ನಾನು ಚೇತರಿಸಿಕೊಂಡದ್ದು. ಸಿಹಿ ತಿಂದದ್ದು.

೧೭ ಜೂನ್

ಹನ್ನೊಂದು ತಾಸು ನೋವು. ಹೆಣ್ಣು. “ನೋಡಬ್ಯಾಡ” ಎಂದರು ಇವರು. ನೋಡಿದೆ. ಉಗುರು ಬಂದಿದ್ದವು.

೨೦ ಜೂನ್, ಸೋಮವಾರ

ಎದ್ದಾಗ ನೈಟಿ ಒದ್ದೆ. ಎದೆ ಕಲ್ಲು. ಹಾಲು ಬರುತ್ತದೆಂದು ಯಾರೂ ಹೇಳಿರಲಿಲ್ಲ. ಬಚ್ಚಲಿಗೆ ಹೊರಟೆ. ಅತ್ತೆ ರಟ್ಟೆ ಹಿಡಿದರು.

“ಬಚ್ಚಲಕ್ಕ ಹಿಂಡಬಾರದವ್ವ. ಗಿಡದ ಬುಡಕ್ಕ ಹಾಕಬೇಕು.”

ಸ್ಟೀಲ್ ಲೋಟ ತಂದು ಎದೆಗೆ ಹಿಡಿದರು. ಹಿಂಡಿದೆ. ಲೋಟಕ್ಕೆ ಸೆರಗು ಮುಚ್ಚಿಕೊಂಡು ಅತ್ತೆ ಮೂರು ಮಹಡಿ ಇಳಿದರು. ಕಿಟಕಿಯಿಂದ ಕಂಡರು— ಪಾರ್ಕಿಂಗ್ ಪಕ್ಕದ ಹೊಂಗೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬಹಳ ಹೊತ್ತು. ಮೇಲೆ ಬಂದು, ಲೋಟ ತೊಳೆದು, ಮತ್ತೆ ಹಿಡಿದರು. ಹಾಲು ಇನ್ನೂ ನಿಂತಿಲ್ಲ.